ಹೆನ್ಯಾಳ ಮೊದಲ ಗಂಡ

ವಂಶದ ಮೂಲ ಹುಡುಕಲು ಹೊರಡುವ ಯೆಹೂದಿಗಳೆಲ್ಲ ತಮ್ಮ ಮುತ್ತಜ್ಜ ಯಾರೋ ದೊಡ್ಡ ರಬ್ಬಿ, ಧರ್ಮಪಂಡಿತ ಆಗಿರಲಿ ಎಂದು ಆಸೆಪಡುತ್ತಾರೆ. ಹೈಫಾದ ಬಸ್ ಡ್ರೈವರ್ ನಫ್ತಾಲಿಯದು ಉಲ್ಟಾ. ತನ್ನ ವಂಶದಲ್ಲಿ ಏನೂ ವಿಶೇಷವಿಲ್ಲ, ಬರೀ ಸಾಮಾನ್ಯ ಯೆಹೂದಿಗಳು ಎಂದು ಸಾಬೀತಾದರೆ ಸಾಕಾಗಿತ್ತು ಅವನಿಗೆ. ನಲವತ್ತೇಳನೆಯ ವಯಸ್ಸಿನಲ್ಲಿ, ಮದುವೆಯ ಕಾಲ ಮೀರಿತು ಎಂದು ಕೈಬಿಟ್ಟಿದ್ದ ಹೊತ್ತಿನಲ್ಲಿ ಮಝಲ್ ಸಿಕ್ಕಿದ್ದಳು. ಅವಳು ಹೆಂಡತಿಯಾಗಬೇಕಾದರೆ ಅವನು ಕೋಹೆನ್ ಆಗಿರಬಾರದಿತ್ತು.

ಕೋಹೆನ್ ಎಂದರೆ ಹಳೆಯ ದೇವಾಲಯದ ಪುರೋಹಿತರ ವಂಶದವನು. ದೇವಾಲಯ ಬಿದ್ದು ಎರಡು ಸಾವಿರ ವರ್ಷವಾಗುತ್ತ ಬಂದರೂ ವಂಶದ ಬಿಗುಮಾನ ಬಿದ್ದಿಲ್ಲ, ಕಟ್ಟುಪಾಡುಗಳೂ ಹಾಗೇ ಇವೆ. ಕೋಹೆನ್ ಸ್ಮಶಾನದೊಳಗೆ ಕಾಲಿಡಬಾರದು. ಕೋಹೆನ್ ವಿಚ್ಛೇದಿತೆಯನ್ನು ಮದುವೆಯಾಗಬಾರದು. ಮಝಲ್ ವಿಚ್ಛೇದಿತೆ. ಜೂಜುಕೋರ ಗಂಡನಿಂದ ಬಿಡುಗಡೆ ಪತ್ರ ಪಡೆಯಲು ಆರು ವರ್ಷ ಚಪ್ಪಲಿ ಸವೆಸಿದವಳು. ರಬ್ಬಿಗಳ ಕಚೇರಿಯಲ್ಲಿ ಮದುವೆ ಅರ್ಜಿ ತೆಗೆದುಕೊಳ್ಳುವ ಗುಮಾಸ್ತ ಇಬ್ಬರ ಹೆಸರಿನ ಮುಂದೆ ಬರೆದಿದ್ದನ್ನು ಓದಿ, ಹಾಳೆಯನ್ನು ಹಿಂದಕ್ಕೆ ತಳ್ಳಿದ. "ಕೋಹೆನ್ ಅಲ್ಲ ಅಂತ ಸಾಬೀತು ಮಾಡಿ, ನಾಳೆನೇ ಚಪ್ಪರ ಹಾಕ್ಸಿ" ಎಂದು ನಗೆಯಾಡಿದ. ನಫ್ತಾಲಿ ಆ ತಮಾಷೆಯನ್ನೇ ಗಂಟು ಕಟ್ಟಿಕೊಂಡು ಬಂದ.

ಡಿಪೋದ ಗೆಳೆಯರೆಲ್ಲ ಸೈಪ್ರಸ್ ದ್ವೀಪಕ್ಕೆ ಹೋಗಿ ರಿಜಿಸ್ಟರ್ ಮದುವೆಯಾಗಿ ಬಾ ಎಂದರು. ಈ ದೇಶದಲ್ಲಿ ಯೆಹೂದಿಗಳ ಮದುವೆ ರಬ್ಬಿಗಳ ಕೈಯಲ್ಲೇ ಇರುವುದರಿಂದ ಅರ್ಧ ಊರು ಹಾಗೇ ಮಾಡುತ್ತದೆ. ಅವನು ಅದನ್ನು ಮಝಲ್ ಮುಂದೆ ಎತ್ತಿದ.

"ಸರ್ಕಾರಕ್ಕೆ ಅದು ಸಾಕು ಕಣೋ, ನಂಗೆ ಸಾಲದು," ಎಂದಳು. ಶಿಶುವಿಹಾರದ ಟೀಚರು, ಮಾತೆಲ್ಲ ಮಕ್ಕಳಿಗೆ ಹೇಳುವ ಹಾಗೆ ನೇರ. "ಶುಕ್ರವಾರ ದೀಪ ಹಚ್ಚಿ ಕಣ್ಣು ಮುಚ್ಕೋತೀನಲ್ಲ, ಆಗ ಮೇಲಿನವನಿಗೆ ಏನಂತ ಹೇಳ್ಲಿ? ಚಪ್ಪರದಡೀಲಿ, ರಬ್ಬಿ ಎದುರಿಗೆ ಆದ್ರೆ ಮದ್ವೆ. ಇಲ್ದಿದ್ರೆ ನೀನು ಬಸ್ ಓಡ್ಸು, ನಾನು ಟಿಕೆಟ್ ತಗೊಂಡು ಹಿಂದೆ ಕೂತ್ಕೋತೀನಿ."

ಅಪ್ಪ ಶ್ರಾಗಾನಿಗೂ ಅವಳೆಂದರೆ ಇಷ್ಟವೇ. ಎಪ್ಪತ್ತೆಂಟು ವರ್ಷದ ಮುದುಕ. ಒಂಬತ್ತನೆಯ ವಯಸ್ಸಿಗೆ ರೊಮೇನಿಯಾದ ಬೊತೊಶಾನಿ ಊರಿನಿಂದ ತಂದೆತಾಯಿಯ ಜೊತೆ ಹಡಗಿನಲ್ಲಿ ಹೈಫಾಗೆ ಬಂದಿಳಿದವನು, ಇಳಿದ ಬಂದರಿನಲ್ಲೇ ನಲವತ್ತು ವರ್ಷ ಮೂಟೆ ಹೊತ್ತವನು. ವಾರವಿಡೀ ಅವನನ್ನು ಯಾರೂ ಕ್ಯಾರೇ ಅನ್ನುತ್ತಿರಲಿಲ್ಲ. ಶನಿವಾರ, ವಾರದ ವಿಶ್ರಾಂತಿಯ ದಿನವಾದ ಶಬ್ಬತ್ತಿನ ಪ್ರಾರ್ಥನೆಯಲ್ಲಿ "ಕೋಹೆನರೇ!" ಎಂಬ ಕರೆ ಬಂತೆಂದರೆ ಅವನು ಬೂಟು ಕಳಚಿ, ಕೈ ತೊಳೆದು ಮುಂದೆ ಹೋಗಿ ನಿಲ್ಲುತ್ತಿದ್ದ. ಶಾಲನ್ನು ತಲೆ ಮೇಲೆ ಎಳೆದುಕೊಂಡು ಎರಡೂ ಕೈ ಎತ್ತಿ ಆಶೀರ್ವಾದ ಹೇಳಿದರೆ ಡಾಕ್ಟರು, ವಕೀಲರು, ಬಂದರಿನ ಹಳೆಯ ಮ್ಯಾನೇಜರು, ಎಲ್ಲರೂ ತಲೆ ತಗ್ಗಿಸಬೇಕು. ಪಕ್ಕದಲ್ಲಿ ನಫ್ತಾಲಿಯೂ ನಿಲ್ಲುತ್ತಿದ್ದ. ಆದರೆ ಅವನಿಗೆ ಅದು ಅಭ್ಯಾಸ, ಅಪ್ಪನಿಗೆ ಅದು ಉಸಿರು.

"ಒಳ್ಳೆ ಹುಡ್ಗಿ. ಮೀನು ಮಾಡೋದ್ರಲ್ಲಂತೂ ಎತ್ತಿದ ಕೈ," ಎನ್ನುತ್ತಿದ್ದ ಶ್ರಾಗಾ. "ಆದ್ರೆ ಕಾನೂನು ಕಾನೂನೇ. ಏನ್ಮಾಡೋಕಾಗತ್ತೆ?"

ನದೀಮೂಲ, ಋಷಿಮೂಲ ಕೆದಕಬಾರದೆಂದು ಬಲ್ಲವರು ಹೇಳುತ್ತಾರೆ. ನಫ್ತಾಲಿ ಹಾರೆ ಗುದ್ದಲಿ ಹಿಡಿದೇ ಹೊರಟ. ಮನೆಯಲ್ಲಿದ್ದ ಹಳೆ ಕಾಗದಗಳನ್ನೆಲ್ಲ ತಿರುವಿದ. ಒಂದರಲ್ಲಿ ಅಜ್ಜ ಲೀಬನ ಹುಟ್ಟಿದ ವರ್ಷ ಒಂದು, ಇನ್ನೊಂದರಲ್ಲಿ ಇನ್ನೊಂದು. ಮನೆತನದ ಹೆಸರು ಮೂರು ಕಾಗದದಲ್ಲಿ ಮೂರು ಥರ. ಕೋಹೆನ್ ಎಂದು ಒಂದರಲ್ಲೂ ಇಲ್ಲ, ಅಲ್ಲ ಎಂದೂ ಇಲ್ಲ. ಕೊನೆಗೆ ರಜೆ ಹಾಕಿ ಬೊತೊಶಾನಿಗೇ ಹೋದ. ಅಲ್ಲಿ ಯೆಹೂದಿಗಳ ಗೋರಿ, ದಾಖಲೆ ಹುಡುಕಿಕೊಡುವ ಡೊಯಿನಾ ಎಂಬ ಹೆಂಗಸಿದ್ದಳು. ಅವಳು ಯೆಹೂದಿಯಲ್ಲ, ಆದರೆ ಕಲ್ಲಿನ ಮೇಲಿನ ಹೀಬ್ರೂ ಅಕ್ಷರಗಳನ್ನು ನೀರು ಕುಡಿದಂತೆ ಓದುತ್ತಿದ್ದಳು.

ಸ್ಮಶಾನದ ಗೇಟಿನವರೆಗೆ ಇಬ್ಬರೂ ಹೋದರು. ಗೇಟಿನ ಬಳಿ ನಫ್ತಾಲಿ ನಿಂತುಬಿಟ್ಟ.

"ಬನ್ನಿ ಸ್ವಾಮಿ," ಎಂದಳು ಡೊಯಿನಾ.

"ನಾನು ಬರೋಹಂಗಿಲ್ಲ," ಎಂದ, ಮನೆಯಲ್ಲಿ ಕಲಿತ ರೊಮೇನಿಯನ್ ಮಾತಿನಲ್ಲಿ. "ನಾನು ಕೋಹೆನ್."

"ಕೋಹೆನ್ ಅಲ್ಲ ಅಂತ ತೋರ್ಸೋಕಲ್ವಾ ನೀವು ಬಂದಿರೋದು?"

"ಹೌದು. ಆದ್ರೆ ಅಲ್ಲ ಅಂತ ಗೊತ್ತಾಗೋವರೆಗೂ ಹೌದಲ್ವಾ?"

ಡೊಯಿನಾ ಅವನನ್ನು ಮೇಲಿಂದ ಕೆಳಗೆ ನೋಡಿ, ಒಳಗೆ ಹೋದಳು. ಅವನು ಗೋಡೆಯ ಹೊರಗೆ ನಿಂತು, ಬೇಲಿಗೆ ಸಿಕ್ಕಿಕೊಂಡ ಕುರಿಯ ಹಾಗೆ ಕತ್ತು ಚಾಚಿಕೊಂಡು ಎರಡು ತಾಸು ಕಾದ. ಒಳಗಿದ್ದ ಕಲ್ಲುಗಳಲ್ಲಿ ಮನೆತನದ ಹೆಸರಿರುವುದಿಲ್ಲ. ಇಂಥವನು, ಇಂಥವನ ಮಗ, ಅಷ್ಟೇ. ಕೋಹೆನ್ ಆಗಿದ್ದರೆ ಮೇಲೆ ಆಶೀರ್ವಾದದ ಎರಡು ಕೈಗಳ ಕೆತ್ತನೆ. ಲೇವಿ ಆಗಿದ್ದರೆ ಹೂಜಿ, ಏಕೆಂದರೆ ಲೇವಿಗಳು ಕೋಹೆನರ ಕೈಗೆ ನೀರೆರೆಯುವವರು. ಲೇವಿಗಳು ವಿಚ್ಛೇದಿತೆಯನ್ನು ಮದುವೆಯಾಗಲು ಯಾವ ಅಡ್ಡಿಯೂ ಇಲ್ಲ.

"ಸಿಕ್ತು!" ಎಂದು ಗೋಡೆಯೊಳಗಿಂದ ಕೂಗು ಬಂತು. "ಶ್ರಾಗಾ, ಮೆಯಿರನ ಮಗ! ನಿಮ್ಮ ಮುತ್ತಜ್ಜನ ಹೆಸರು ಅದೇ ಅಲ್ವಾ?"

"ಅದೇ! ಮೇಲೇನಿದೆ? ಕೈಯಾ?"

"ಕೈ ಅಲ್ಲ ಸ್ವಾಮಿ, ಹೂಜಿ!"

ನಫ್ತಾಲಿ ಆ ಗೋಡೆಗೇ ಮುತ್ತಿಟ್ಟ. ಮಝಲ್‌ಗೆ ಫೋನ್ ಮಾಡಿ, "ನಾನು ಲೇವಿ ಕಣೇ! ನೀರು ಹೊಯ್ಯೋ ಜಾತಿ!" ಎಂದು ಕೂಗಿದ. ಅವಳು ಶಿಶುವಿಹಾರದಲ್ಲಿ ಇಪ್ಪತ್ತು ಮಕ್ಕಳ ಮಧ್ಯೆ ನಿಂತು ಅತ್ತಳಂತೆ.

ಊರಿಗೆ ಮರಳಿ, ಗೋರಿಯ ಫೋಟೋವನ್ನು ಅಪ್ಪನ ಮುಂದೆ ಇಟ್ಟ. ಶ್ರಾಗಾ ಮೆಕ್ಕೆಜೋಳದ ಮುದ್ದೆಗೆ ಗಿಣ್ಣು ಉದುರಿಸಿಕೊಂಡು ತಿನ್ನುತ್ತಿದ್ದ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ.

"ಸತ್ತ ವರ್ಷ ಯಾವುದು ಅಂತ ಓದ್ದೇನೋ?"

"ನಲವತ್ತಾರು."

"ನಾನು ಹುಟ್ಟಿದ್ದು?"

"ನಲವತ್ತೊಂದು."

"ನನ್ನ ಹೆಸರೇನು?"

ನಫ್ತಾಲಿ ಫೋಟೋವನ್ನು ತನ್ನ ಕಡೆಗೆ ತಿರುಗಿಸಿಕೊಂಡ.

"ತಾತ ಇನ್ನೂ ಉಸಿರಾಡ್ತಾ ಇರೋವಾಗ ಮೊಮ್ಮಗನಿಗೆ ಅವನ ಹೆಸರಿಡ್ತಾರೇನೋ ನಮ್ಮಲ್ಲಿ? ಸಾವಿಗೆ ವಿಳಾಸ ಬರ್ಕೊಟ್ಟ ಹಂಗಲ್ವಾ ಅದು? ನಮ್ಮ ತಾತ ನಾನು ಹುಟ್ಟೋ ಮುಂಚೆನೇ ಹೋಗಿದ್ದ. ಇವನ್ಯಾವನೋ ಬೇರೆ ಶ್ರಾಗಾ. ಮೆಯಿರ್‌ಗಳಿಗೇನು ಬರಗಾಲವೇನೋ ಆ ಊರಲ್ಲಿ?"

ಇಷ್ಟು ಸಣ್ಣ ವಿಷಯ ತನಗೆ ಹೊಳೆಯದೇ ಹೋಯಿತಲ್ಲ ಎಂದು ನಫ್ತಾಲಿ ತಲೆ ಚಚ್ಚಿಕೊಂಡ. ಎದುರು ಮನೆಯ ಮಗುವಿಗೂ ಗೊತ್ತಿರುವ ಪದ್ಧತಿ! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆಮೇಲಿನ ಮೂರು ತಿಂಗಳು ಅವನ ತಲೆಯಲ್ಲಿ ಲೀಬ, ಮೆಯಿರ್, ಇಬ್ಬರು ಶ್ರಾಗಾಗಳು ಕಲಸುಮೇಲೋಗರವಾಗಿ ಕುದಿಯುತ್ತಿದ್ದರು. ಒಂದು ದಿನ ತಾನು ಕೋಹೆನ್ ಎನಿಸುವುದು, ಮರುದಿನ ಅಲ್ಲವೆನಿಸುವುದು. ಒಮ್ಮೆ ಬಸ್ಸನ್ನು ನಿಲ್ದಾಣ ದಾಟಿಸಿಬಿಟ್ಟು ಹನ್ನೆರಡು ಜನರಿಂದ ಬೈಸಿಕೊಂಡ.

ಮಝಲ್ ಬೈಯಲಿಲ್ಲ. ಅದೇ ಕೆಟ್ಟದ್ದಾಯಿತು. ಒಂದು ಸಂಜೆ ಬಂದು, ತಂದೆ ಮಗ ಇಬ್ಬರ ಎದುರಿಗೂ, "ಹಬ್ಬ ಮುಗಿದ ಮೇಲೆ ನಾನು ಬೇರ್ಷೆಬಾದಲ್ಲಿರೋ ಅಕ್ಕನ ಹತ್ರ ಹೋಗ್ತೀನಿ. ಅಲ್ಲೂ ಶಿಶುವಿಹಾರ ಇದೆ," ಎಂದಳು. "ದಿನಾ ನಿನ್ನ ಬಸ್ಸಲ್ಲಿ ಕೂತು ನಿನ್ನ ಬೆನ್ನು ನೋಡೋಕೆ ನನ್ನ ಕೈಲಾಗ್ತಿಲ್ಲ ನಫ್ತಾಲಿ." ಮೀನಿನ ಪಾತ್ರೆ ಮೇಜಿನ ಮೇಲಿಟ್ಟು ಹೊರಟುಹೋದಳು. ಶ್ರಾಗಾ ಆ ದಿನ ಮೀನು ಮುಟ್ಟಲಿಲ್ಲ.

ರಬ್ಬಿಗಳ ನ್ಯಾಯಾಲಯದಲ್ಲಿ ವಿಚಾರಣೆಯ ದಿನ ಬಂತು. ಕೈಯಲ್ಲಿ ಸಾಕ್ಷಿಯೇ ಇಲ್ಲ, ಅರ್ಜಿ ಹಿಂತೆಗೆದುಕೊಂಡು ಬರುತ್ತೇನೆಂದು ನಫ್ತಾಲಿ ಹೊರಟರೆ, ಅಪ್ಪ ಹಬ್ಬದ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. "ನಾನೂ ಬರ್ತೀನಿ, ನಡಿ" ಎಂದ. ಏಕೆಂದು ಕೇಳುವಷ್ಟರಲ್ಲಿ ಮೆಟ್ಟಿಲಿಳಿಯತೊಡಗಿದ್ದ.

ಮೂವರು ನ್ಯಾಯಾಧೀಶರ ಮುಂದೆ ಮುದುಕ ಎದ್ದು ನಿಂತ. "ನನ್ನ ತಾಯಿ ಹೆನ್ಯಾ," ಎಂದ, "ನಮ್ಮಪ್ಪನ್ನ ಕಟ್ಕೊಳೋ ಮುಂಚೆ ಇನ್ನೊಬ್ಬನ ಹೆಂಡ್ತಿಯಾಗಿದ್ಲು. ಅವನಿಂದ ಬಿಡುಗಡೆ ಪಡ್ದು ನಮ್ಮಪ್ಪನ್ನ ಮಾಡ್ಕೊಂಡ್ಲು. ನಮ್ಮಪ್ಪ ಕೋಹೆನ್ನೇ. ಆದ್ರೆ ನಾನು ವಿಚ್ಛೇದಿತೆಗೆ ಹುಟ್ಟಿದ ಮಗ."

ಕಾನೂನು ಅಲ್ಲಿದ್ದ ಎಲ್ಲರಿಗೂ ಗೊತ್ತು. ಕೋಹೆನ್ ಕಟ್ಟುಪಾಡು ಮುರಿದು ವಿಚ್ಛೇದಿತೆಯನ್ನು ಮದುವೆಯಾದರೆ ಅವಳ ಮಕ್ಕಳಿಗೆ ಪುರೋಹಿತತನ ಇಲ್ಲ, ಅವರ ಗಂಡುಮಕ್ಕಳಿಗೂ ಇಲ್ಲ; ಪುರೋಹಿತತನ ಇಲ್ಲದವರಿಗೆ ಅದರ ಕಟ್ಟುಪಾಡೂ ಇಲ್ಲ.

"ನಿಮಗೆ ಯಾರು ಹೇಳಿದ್ದು?" ಎಂದರು ಹಿರಿಯ ನ್ಯಾಯಾಧೀಶರು.

"ಅವಳೇ. ಸಾಯೋ ಮುಂಚೆ."

"ಗೊತ್ತಿದ್ದೂ ಇಷ್ಟು ವರ್ಷ ಕೈ ಎತ್ತಿ ಆಶೀರ್ವಾದ ಮಾಡಿದ್ರಾ?"

"ಮಾಡ್ದೆ," ಎಂದ ಶ್ರಾಗಾ. "ಮೂಟೆ ಹೊರೋನು ನಾನು ರಬ್ಬಿಗಳೇ. ನಾನು ಕೈ ಎತ್ತಿದ್ರೆ ಜನ ತಲೆ ತಗ್ಗಿಸ್ತಾ ಇದ್ರು. ಆ ಸುಖ ಬಿಡೋಕಾಗ್ಲಿಲ್ಲ."

ಅಜ್ಜಿ ಹೆನ್ಯಾಳನ್ನು ನಫ್ತಾಲಿ ಚೆನ್ನಾಗಿ ಬಲ್ಲ. ಅವಳು ತೀರಿಕೊಂಡಾಗ ಅವನಿಗೆ ಇಪ್ಪತ್ತು. ಲಕ್ವ ಹೊಡೆದು ಕೊನೆಯ ಎರಡು ವರ್ಷ ಅವಳಿಗೆ ಮಾತೇ ಇರಲಿಲ್ಲ. ಹಾಗಿದ್ದರೆ ಸಾಯುವ ಮುಂಚೆ ಹೇಳಿದ್ದು ಯಾವಾಗ? ಅದಕ್ಕೂ ಮುಂಚೆ ಯಾವಾಗಲೋ ಇರಬಹುದೇ? ಮನೆಯಲ್ಲಿ ಅವಳ ಮದುವೆಯ ಒಂದು ಫೋಟೋ ಕೂಡ ಇಲ್ಲದಿದ್ದುದು ಇದಕ್ಕೇ ಇರಬಹುದೇ? ಅಥವಾ ಆ ಕಾಲದಲ್ಲಿ ಬಡವರ ಮನೆಯಲ್ಲಿ ಯಾರ ಫೋಟೋ ಇತ್ತು?

ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದಲ್ಲಿ ಕೂತು ಕೇಳಿದ, "ಅಜ್ಜಿಯ ಮೊದಲನೇ ಗಂಡನ ಹೆಸರೇನಪ್ಪ?"

"ಈ ಡ್ರೈವರ್ ಬ್ರೇಕ್ ಜೋರಾಗಿ ಒತ್ತುತಾನೆ. ನೀನೇ ವಾಸಿ."

"ಅಪ್ಪಾ, ನೀನು ಹೇಳಿದ್ದು ನಿಜಾನಾ?"

ಶ್ರಾಗಾ ಕಿಟಕಿಯಾಚೆ ಬಂದರಿನ ಕ್ರೇನುಗಳನ್ನು ನೋಡುತ್ತಿದ್ದ. "ನೋಡೋ ಮಗ್ನೇ. ನಿಜ ಅಂದ್ರೆ ನಾನು ಇಷ್ಟು ವರ್ಷ ದೇವರ ಮನೇಲಿ ಮೋಸ ಮಾಡ್ದೋನು. ಸುಳ್ಳು ಅಂದ್ರೆ ಹೆತ್ತ ತಾಯಿ ಮೇಲೆ ಇಲ್ಲದ ಗಂಡನ್ನ ಹೊರಿಸ್ದೋನು. ಯಾವ ಅಪ್ಪ ಬೇಕು ನಿಂಗೆ? ಸುಳ್ಳು ಅಂತ ಗೊತ್ತಾದ್ರೆ ನೀನು ಮಝಲ್‌ಗೆ ಹೇಳ್ದೆ ಇರ್ತೀಯಾ? ಹೇಳಿದ್ರೆ ಅವಳು ಚಪ್ಪರದ ಕೆಳಗೆ ಕಾಲಿಡ್ತಾಳಾ? ಎಂಟು ತಿಂಗಳು ಕೇಳಿದ್ದು ಸಾಕು. ಇನ್ನು ಕೇಳ್ಬೇಡ."

ನಫ್ತಾಲಿಗೆ ಸಿಟ್ಟೂ ಬಂತು, ಅಳುವೂ ಬಂತು. ಯಾವುದನ್ನು ಮೊದಲು ಮಾಡುವುದೆಂದು ತಿಳಿಯದೆ ಟಿಕೆಟನ್ನು ಮಡಚುತ್ತ ಕೂತ.

ಮೂರು ವಾರದಲ್ಲಿ ತೀರ್ಪು ಬಂತು. ತಂದೆಯ ಹೇಳಿಕೆ ಇದೆ, ಅದಕ್ಕೆ ಎದುರಾದ ದಾಖಲೆ ಯಾವುದೂ ಇಲ್ಲ, ಆದ್ದರಿಂದ ಮದುವೆಗೆ ಅಡ್ಡಿಯಿಲ್ಲ. ಮಝಲ್ ಬೇರ್ಷೆಬಾಗೆ ಕಟ್ಟಿದ್ದ ಪೆಟ್ಟಿಗೆ ಬಿಚ್ಚಿದಳು. ಶ್ರಾಗಾನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

ಆ ಶುಕ್ರವಾರ ಮಧ್ಯಾಹ್ನ ನಫ್ತಾಲಿಯ ಫೋನಿಗೆ ಡೊಯಿನಾಳ ಸಂದೇಶ ಬಂತು. "ನೀವು ಕೇಳದಿದ್ದರೂ ಹುಡುಕಿದೆ. ನಿಮ್ಮ ಅಜ್ಜ ಅಜ್ಜಿಯ ಮದುವೆ ನೋಂದಣಿ ಸಿಕ್ಕಿದೆ. ವಧು ಕನ್ಯೆಯೋ ವಿಚ್ಛೇದಿತೆಯೋ ಎಂದು ಬರೆಯುವ ಕಾಲಂ ಅದರಲ್ಲಿದೆ, ತುಂಬಿಯೂ ಇದೆ. ಕಳಿಸಲೇ?"

ಅವನು ಅಡುಗೆಮನೆಯಲ್ಲಿ ನಿಂತು ಅದನ್ನು ಹತ್ತು ಸಲ ಓದಿದ. ಕಳಿಸಿ ಎಂದು ಬರೆದ, ಅಳಿಸಿದ. ಬೇಡ ಎಂದು ಬರೆದ, ಅದನ್ನೂ ಅಳಿಸಿದ. ಅಷ್ಟರಲ್ಲಿ ಸೂರ್ಯ ಸಮುದ್ರಕ್ಕಿಳಿಯುತ್ತಿದ್ದ. ಶುಕ್ರವಾರ ಸೂರ್ಯ ಮುಳುಗಿ ಶಬ್ಬತ್ ಶುರುವಾದ ಮೇಲೆ ಬರೆಯುವಂತಿಲ್ಲ, ಫೋನ್ ಮುಟ್ಟುವಂತಿಲ್ಲ. ಅವನು ಅದನ್ನು ಆರಿಸಿ ಡ್ರಾಯರಿನಲ್ಲಿ ಹಾಕಿದ. ಒಂದು ರಾತ್ರಿ, ಒಂದು ಹಗಲು ಬಿಡುವು ಸಿಕ್ಕಿತಲ್ಲ ಎಂದು ನಿಟ್ಟುಸಿರುಬಿಟ್ಟ.

ಮರುದಿನ ಬೆಳಿಗ್ಗೆ ಪ್ರಾರ್ಥನೆಯಲ್ಲಿ "ಕೋಹೆನರೇ!" ಎಂಬ ಕರೆ ಬಂತು. ಇನ್ನಿಬ್ಬರು ಕೋಹೆನರು ಬೂಟು ಕಳಚಿ ಮುಂದೆ ಹೋದರು. ಶ್ರಾಗಾ ತನ್ನ ಜಾಗ ಬಿಟ್ಟು ಕದಲಲಿಲ್ಲ, ಪಕ್ಕದಲ್ಲಿದ್ದ ನಫ್ತಾಲಿಯೂ. ಪ್ರತಿ ವಾರ ಅವನ ಕೈಗೆ ನೀರೆರೆಯುತ್ತಿದ್ದ ಮುದಿ ಲೇವಿ ಮೆನಾಶೆ ಬಾಗಿಲ ಬಳಿ ಪಾತ್ರೆ ಹಿಡಿದು ನಿಂತೇ ಇದ್ದ. ಶ್ರಾಗಾ ಅವನಿಗೆ ಇಲ್ಲ ಎಂದು ತಲೆಯಾಡಿಸಿದ. ಜನ ಹಿಂದೆ ತಿರುಗಿ ನೋಡಿದರು, ಪಿಸುಗುಟ್ಟಿದರು. ಬಂದರಿನ ಹಳೆಯ ಮ್ಯಾನೇಜರನೂ ಕನ್ನಡಕ ಸರಿಪಡಿಸಿಕೊಂಡು ನೋಡಿದ. ಮುದುಕನ ಕಿವಿ ಕೆಂಪಾಗಿದ್ದು ನಫ್ತಾಲಿಗೆ ಕಂಡಿತು. ಈ ನಾಚಿಕೆ ಇನ್ನು ಪ್ರತಿ ಶನಿವಾರದ್ದು ಎಂದು ಆಗ ಅವನಿಗೆ ಅರ್ಥವಾಯಿತು. ನಿಜವಾದರೂ ಇದೇ ಬೆಲೆ, ಸುಳ್ಳಾದರೂ ಇದೇ ಬೆಲೆ. ಸಂಜೆ ನಕ್ಷತ್ರ ಮೂಡಿ ಶಬ್ಬತ್ ಮುಗಿದ ಕೂಡಲೇ ಡೊಯಿನಾಗೆ ಬೇಡ ಎಂದು ಬರೆಯುತ್ತೇನೆ ಎಂದುಕೊಂಡ. ಬರೆದ ಮೇಲೂ ತನಗೆ ಈ ಗೊಂದಲ ಸಾಯುವವರೆಗೂ ತಪ್ಪಿದ್ದಲ್ಲ ಎಂಬುದೂ ಅವನಿಗೆ ಗೊತ್ತಿತ್ತು.

ಮುಂದೆ ಕೋಹೆನರು ಕೈ ಎತ್ತಿದರು. ಸಾಲುಗಳಲ್ಲಿದ್ದ ಅಪ್ಪಂದಿರೆಲ್ಲ ತಮ್ಮ ಪ್ರಾರ್ಥನೆಯ ಶಾಲನ್ನು ಬಿಚ್ಚಿ, ಮಕ್ಕಳನ್ನು ಹತ್ತಿರಕ್ಕೆಳೆದು, ಅವರ ತಲೆಯ ಮೇಲೆ ಹೊದಿಸಿದರು. ಆಶೀರ್ವಾದ ಪಡೆಯುವವರ ಪದ್ಧತಿ ಅದು. ಶ್ರಾಗಾ ಅತ್ತಿತ್ತ ನೋಡಿದ. ಆಮೇಲೆ ತನ್ನ ಶಾಲು ಬಿಚ್ಚಿ, ತನಗಿಂತ ಗೇಣುದ್ದ ಎತ್ತರದ ಮಗನ ತಲೆಯ ಮೇಲೆ ಎಸೆದ. ನಫ್ತಾಲಿ ಮೊಣಕಾಲು ಬಗ್ಗಿಸಿ ಒಳಗೆ ಸೇರಿಕೊಂಡ. ಅಪ್ಪನ ಉಸಿರು ಅವನ ಕೆನ್ನೆಗೆ ತಾಗುತ್ತಿತ್ತು.

"ಹಿಂಗೇನೇನೋ ಹಿಡಿಯೋದು?" ಎಂದು ಶ್ರಾಗಾ ಪಿಸುಗುಟ್ಟಿದ. "ನಾನು ಯಾವಾಗ್ಲೂ ಆ ಕಡೆ ನಿಂತಿರ್ತಿದ್ದೆ. ಈ ಕಡೆ ಹೆಂಗೆ ಅಂತ ನಂಗೊತ್ತಿಲ್ಲ."

ನಫ್ತಾಲಿಯೂ ಯಾವಾಗಲೂ ಆ ಕಡೆಯೇ ನಿಂತವನು.

"ಹಿಂಗೇ ಅಪ್ಪ," ಎಂದ. "ಸರಿಯಾಗಿದೆ."