ಗಿಳಿಯಾದ ಮಗನ ಸಿನಿಮಾ

ಆ ಸಿನಿಮಾ ತಯಾರಾಗುವ ಮೊದಲೇ ನಾನದನ್ನು ಐವತ್ತು ಸಲ ನೋಡಿದ್ದೆ. ನಗಬೇಡಿ. ಎಂಬತ್ತೇಳನೆಯ ಇಸವಿಯಲ್ಲಿ, ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಕುಳಿತು ಹೀಗೆ ಹೇಳಿದಾಗ ಎಲ್ಲರೂ ನಕ್ಕಿದ್ದರು. ಆ ನಗೆಗೆ ಮಾಳಿಗೆಯ ತಗಡು ಗೇಣುದ್ದ ಮೇಲೆದ್ದು ಮತ್ತೆ ಕುಳಿತಿತ್ತು.

ನಮ್ಮ ವಖಾರಿಯಲ್ಲೊಂದು ಪದ್ಧತಿ. ತಂಬಾಕು ಸೋಸುವಾಗ ಒಬ್ಬ ಕಥೆ ಹೇಳಬೇಕು, ಅವನ ಪಾಲಿನ ತಂಬಾಕನ್ನು ಉಳಿದವರು ಹಂಚಿಕೊಂಡು ಸೋಸಬೇಕು. ಹತ್ತು ವರ್ಷ ನನ್ನ, ಅಂದರೆ ಈ ಭೀಮಸಿಯ, ಕೈ ಜರಡಿ ಮುಟ್ಟಿಲ್ಲ. ಬಾಯಿಯೇ ದುಡಿದು ಹಾಕಿತು.

ಅಂದು ಹೇಳುತ್ತಿದ್ದದ್ದು ಊರಿಗೆ ಹೊಸದಾಗಿ ಬಂದ ಸಿನಿಮಾದ ಕಥೆ. ಮಂತ್ರವಾದಿಯೊಬ್ಬ ತಾಯಿಯ ಕಂಕುಳಿಂದ ಮಗನನ್ನು ಕಸಿದು ಗಿಳಿ ಮಾಡಿ ಹಾರಿಬಿಡುತ್ತಾನೆ. ಅಷ್ಟು ಹೇಳುವಷ್ಟರಲ್ಲಿ ಮಲಕವ್ವನ ಜರಡಿ ನಿಂತಿತು.

"ಕಡೀಕ ಏನ ಆಗತೈತಿ, ಅಣ್ಣಾ? ಆ ಹುಡುಗಗ ಅವ್ವನ ಗುರುತ ಸಿಗತೈತೇನ?"

ಮಲಕವ್ವನ ಮೊದಲ ಗಂಡ ತೀರಿಕೊಂಡಿದ್ದ. ಅವಳು ಉಡಿಕೆಯಾಗಿ ಎರಡನೆಯ ಸಂಸಾರ ಹೂಡಿದಳು. ಉಡಿಕೆಯಾದವಳ ಮಗ ಮೊದಲಿನ ಮನೆಯ ಕುಡಿ ಎಂಬುದು ನಮ್ಮ ಕಡೆಯ ಕಟ್ಟಳೆ. ಅತ್ತೆಮನೆಯವರು ನಾಲ್ಕು ವರ್ಷದ ಪೋರನನ್ನು ದಿಗ್ಗೇವಾಡಿಗೆ ಎತ್ತಿಕೊಂಡು ಹೋದರು. ಎರಡು ವರ್ಷವಾಗಿತ್ತು. ಈಗ ಆ ಅತ್ತೆ ಮೆತ್ತಗಾಗಿದ್ದಳು, ಹೊಸ ಗಂಡನೂ "ಕರಕೊಂಡ ಬಾ" ಎನ್ನುತ್ತಿದ್ದ. ಮಲಕವ್ವನ ಕಾಲು ಮಾತ್ರ ಏಳಲಿಲ್ಲ. ಮಗ ತನ್ನನ್ನು ನೋಡಿ "ಯಾರಿಕಿ?" ಅಂದರೆ?

"ಗುರುತ ಸಿಗಲಾರದ ಏನ ಬೇ! ಸೆರಗಿನ ಅಂಚ ಕಂಡರ ಸಾಕು, ಅವ್ವಾ ಅಂತ ಹಾರಿ ಬರತಾನ," ಎಂದೆ.

"ಖರೇನ? ಹಂಗಾದ್ರ ಐತಾರ ದಿಗ್ಗೇವಾಡಿಗೆ ಹೋಗತೇನಿ. ಮೊದಲ ಆ ಸಿನಿಮಾ ಕಣ್ಣಾರೆ ನೋಡಬೇಕು."

ಕೆಲಸ ಬಿಟ್ಟವರೇ ಎಲ್ಲರೂ ಮೊದಲ ಆಟಕ್ಕೆ ಹೊರಟೆವು. ಲೆಕ್ಕ ಬರೆಯುವ ದಿವಾಣಜಿ ಧನಪಾಲರು ಜೈನರು, ಹೊತ್ತು ಮುಳುಗಿದ ಮೇಲೆ ಬಾಯಿಗೆ ಅಗುಳು ಹಾಕುವವರಲ್ಲ. ರೊಟ್ಟಿ ಕೈಯಲ್ಲಿ ಹಿಡಿದು ದಾರಿಯುದ್ದಕ್ಕೂ ತಿನ್ನುತ್ತ ನಡೆದರು.

"ಸಾವಕಾಶ ತಿನ್ರಿ ದಿವಾಣಜಿ, ಭೀಮಸಿಗೆ ಹೇಳಿ ಸೂರ್ಯನ್ನ ಹಿಡದ ನಿಲ್ಲಸೂಣು!" ಎಂದಳು ನಮ್ಮ ಜೊತೆ ತಂಬಾಕು ಸೋಸುವ ಗೌರಾಬಾಯಿ.

"ಅಂವ ಹಿಡದರ ಸೂರ್ಯ ನಾಳೆ ಹುಟ್ಟೂದಿಲ್ಲಬೇ," ಎಂದರು ದಿವಾಣಜಿ, ಕಡೆಯ ತುತ್ತು ನುಂಗಿ.

ಟಾಕೀಸಿನಲ್ಲಿ ನಾವು ತಂಬಾಕಿನ ಪುಡಿ ಹತ್ತಿದ ಸೆರಗು, ರುಮಾಲು ಕೊಡವಿದ್ದೇ ತಡ, ಮುಂದಿನ ಮೂರು ಸಾಲು ಒಮ್ಮೆಲೇ ಸೀನಿತು. ಆ ಗಾಳಿಗೆ ಪರದೆ ಹಿಂದಕ್ಕೆ ಬಾಗಿ, ಅದರೊಳಗಿನ ರಾಜ ಸಿಂಹಾಸನದಿಂದ ಜಾರಿದ. ಆಮೇಲೆ ಆನೆ ಹಾರಿತು, ಕನ್ನಡಿ ಮಾತಾಡಿತು, ಮಂತ್ರವಾದಿಯ ಗಡ್ಡ ಹಾವಾಗಿ ಅವನಿಗೇ ಸುತ್ತಿಕೊಂಡಿತು. ಗೌರಾಬಾಯಿ ಸೀಟಿ ಹೊಡೆದಳು. ಮಲಕವ್ವ ಕೂಡ ನಕ್ಕಳು. ಅವಳು ನಗುವುದನ್ನು ನಾವು ನೋಡಿ ಬಹಳ ದಿನಗಳಾಗಿದ್ದವು.

ಕೊನೆಗೆ ಶಾಪ ಕಳೆಯಿತು. ಗಿಳಿ ಹುಡುಗನಾಯಿತು. ತಾಯಿ ಎರಡೂ ಕೈ ಚಾಚಿ ಓಡಿ ಬಂದಳು. ಹುಡುಗ ಅವಳನ್ನು ದಿಟ್ಟಿಸಿ ನೋಡಿದ. ಆಮೇಲೆ, ಗಿಳಿಯಾಗಿದ್ದಾಗ ತನ್ನನ್ನು ಸಾಕಿ ಈಗ ಪಕ್ಕದಲ್ಲಿ ನಿಂತಿದ್ದವಳ ಸೀರೆಯ ಹಿಂದೆ ಅಡಗಿದ. ತಾಯಿ ಚಾಚಿದ ಕೈಯನ್ನೇ ಎತ್ತಿ ಆಶೀರ್ವಾದ ಮಾಡಿ, ಕಾಡಿನ ದಾರಿ ಹಿಡಿದಳು. ದೀಪ ಹತ್ತಿತು.

ನಮ್ಮವರೆಲ್ಲ ಕಣ್ಣು ಒರೆಸಿಕೊಂಡು ತಂಬಾಕಿನ ಪುಡಿಯನ್ನು ಬೈದರು. ಮಲಕವ್ವ ಒರೆಸಿಕೊಳ್ಳಲಿಲ್ಲ. ಹೊರಗೆ ಬಂದ ಮೇಲೆ ನನ್ನೆದುರು ನಿಂತಳು.

"ಹಾರಿ ಬರತಾನ ಅಂದಿದ್ದೆಲ್ಲ, ಅಣ್ಣಾ?"

"ಇವರು ಕಡೀ ರೀಲ ಕತ್ತರಿಸ್ಯಾರ ತಂಗಿ. ನಾ ಐವತ್ತ ಸಲ ನೋಡಿದ್ದರಾಗ..."

"ನನ್ನ ಮಾರಿ ನೋಡಿ ಹೇಳು."

ನೋಡಿದೆ. ಮುಂದಿನ ಸುಳ್ಳು ನಾಲಿಗೆಯ ಮೇಲೆ ಬಂದು ಒಣಗಿತು.

"ಒಂದ ಸಲಾನೂ ನೋಡಿಲ್ಲ. ಹೊರಗ ಹಚ್ಚಿದ ಚಿತ್ರ ನೋಡಿ ಕಥೀ ಕಟ್ಟೇನಿ."

"ಗುರುತ ಸಿಗತೈತಿ ಅಂತ ಯಾಕ ಹೇಳಿದಿ ಮತ್ತ?"

"ಹೋದ ವಾರ ದಿಗ್ಗೇವಾಡಿಗೆ ಅಕ್ಕನ ಮನೀಗೆ ಹೋಗಿದ್ದೆ. ಓಣ್ಯಾಗ ನಿನ್ನ ಮಗ ಆಡಾಕತ್ತಿದ್ದ. ಹತ್ತರ ಬಂದಾ, ತಂಬಾಕ ನಾರೂ ನನ್ನ ಅಂಗಿ ಮೂಸಿದಾ. 'ನಮ್ಮವ್ವ ಬಂದಾಳೇನ್ರಿ?' ಅಂದಾ. ಬಂದು ಹೇಳಿದ್ರ ನೀ ನಂಬತಿದ್ದೇನ? ಈ ಬಾಯಾಗಿನ ಮಾತ ಯಾರ ನಂಬ್ಯಾರ? ಸಿನಿಮಾದಾಗ ಐತಿ ಅಂದರ ನಂಬತಿ ಅಂತ ಹಂಗ ಹೇಳಿದೆ."

ಮಲಕವ್ವ ನನ್ನ ಅಂಗಿಯ ತೋಳನ್ನು ಹಿಡಿದುಕೊಂಡಳು.

"ಮತ್ತೇನ ಅಂದಾ?"

ಅತ್ತುಬಿಟ್ಟ ಅನ್ನಬಹುದಿತ್ತು. ಬಸ್ಸಿನ ಹಿಂದೆ ಕೃಷ್ಣೆಯ ದಂಡೆಯತನಕ ಓಡಿಬಂದ ಅನ್ನಬಹುದಿತ್ತು.

"ಮತ್ತೇನೂ ಅನ್ನಲಿಲ್ಲ, ತಂಗಿ. ಅಷ್ಟ ಕೇಳಿದಾ. ಇಲ್ಲೋ ಅಂದೆ. ಹೊಳ್ಳಿ ಆಡಾಕ ಹೋದಾ."