ಟ್ಯಾಂಕಿನ ಮೇಲಿನ ಕೋಳಿಹೆಜ್ಜೆ

ಮಾರಿಸ್ ಟಿಂಬ್ರೆಲ್‌ಗೆ ಆ ವಸಂತದಲ್ಲಿ ಹೊಟ್ಟೆಕಿಚ್ಚು ಹತ್ತಿಕೊಂಡದ್ದು ಒಂದು ಕೋಳಿಯ ದೆಸೆಯಿಂದ. ಆ ಕೋಳಿ ಸತ್ತು ಎಷ್ಟೋ ಕಾಲವಾಗಿತ್ತು. ಬದುಕಿದ್ದಾಗ ಒಂದು ದಿನ ಅದು ಶ್ರಾಪ್‌ಶೈರ್ ಕೌಂಟಿಯ ಒಂದು ತೋಟದಮನೆಯ ಕೋಳಿಗೂಡಿನಲ್ಲಿ, ಮೂಲೆಗೆ ಒರಗಿಸಿಟ್ಟಿದ್ದ ಮೋಟಾರ್ ಸೈಕಲ್ಲಿನ ಟ್ಯಾಂಕಿನ ಮೇಲೆ ಕಾಲೂರಿ ಕೆಳಕ್ಕೆ ಹಾರಿತ್ತು. ಎಣ್ಣೆಜಿಡ್ಡಿನಲ್ಲಿ ಮೂಡಿದ ಆ ಹೆಜ್ಜೆ ಹಾಗೆಯೇ ಗಟ್ಟಿಯಾಗಿ, ಅದರ ಮೇಲೆ ಅರ್ಧ ಶತಮಾನದ ಧೂಳು ಕೂತು, ಈಗ ಹಳೇ ಮೋಟಾರ್ ಸೈಕಲ್ ಕ್ಲಬ್ಬಿನ ಪತ್ರಿಕೆಯ ಮುಖಪುಟದಲ್ಲಿ ಬಣ್ಣದ ಚಿತ್ರವಾಗಿ ರಾರಾಜಿಸುತ್ತಿತ್ತು.

ಆ ಗಾಡಿ ಕೆಲ್ಡನ್. ಯುದ್ಧಕ್ಕೆ ಮುಂಚೆ ವುಲ್ವರ್‌ಹ್ಯಾಂಪ್ಟನ್ನಿನ ಒಂದು ಸಣ್ಣ ಕಾರ್ಖಾನೆ ಹೊರತಂದ ಐನೂರು ಸಿಸಿಯ ಒಂಟಿ ಸಿಲಿಂಡರ್ ಬೈಕು. ಕಾರ್ಖಾನೆ ಬೇಗ ಮುಚ್ಚಿಹೋಯಿತು. ಉಳಿದ ಕೆಲ್ಡನ್‌ಗಳನ್ನು ಎಣಿಸಲು ಕೈಬೆರಳೇ ಹೆಚ್ಚಾಯಿತು. ಇಡೀ ಕೌಂಟಿಯಲ್ಲಿ ಇದ್ದದ್ದು ಒಂದು, ಅದು ಮಾರಿಸನದು. ಅಚ್ಚುಗಳನ್ನು ಕೊರೆಯುವ ಕೆಲಸದಿಂದ ನಿವೃತ್ತನಾದ ಮೇಲೆ ಚಳಿಗಾಲಗಳನ್ನೆಲ್ಲ ಗ್ಯಾರೇಜಿನಲ್ಲಿ ಕಳೆದು, ತುಕ್ಕು ತಿಂದ ಒಂದು ಚೌಕಟ್ಟಿನಿಂದ ಅವನು ಅದನ್ನು ಎಬ್ಬಿಸಿ ನಿಲ್ಲಿಸಿದ್ದ. ಅದರ ಹಸಿರು ಟ್ಯಾಂಕಿನಲ್ಲಿ ನೋಡಿಕೊಂಡು ಗಡ್ಡ ಹೆರೆಯಬಹುದಿತ್ತು. ಕ್ಲಬ್ಬಿನ ಪ್ರತಿ ಬೇಸಿಗೆಯ ಮೇಳದಲ್ಲೂ ಬಹುಮಾನದ ಕಪ್ಪು ಅವನ ಮನೆಗೇ ಬರುತ್ತಿತ್ತು. ಅವನ ಹೆಂಡತಿ ಬೆರಿಲ್ ಅದರಲ್ಲಿ ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪುಗಳನ್ನು ಹಾಕಿಡುತ್ತಿದ್ದಳು.

ಈಗ ಎರಡನೆಯದು ಬಂದಿತ್ತು. ಅದೂ ಎಂಥವನ ಕೈಗೆ? ದನದ ಡಾಕ್ಟರು ಕಾಲಿನ್ ಪ್ರಾಬರ್ಟ್‌ನ ಕೈಗೆ. ಹಸುವಿಗೆ ಹೆರಿಗೆ ಮಾಡಿಸಲು ಹೋದವನಿಗೆ ಮನೆಯ ಮುದುಕಿ, "ಕೋಳಿಗೂಡಲ್ಲಿ ನಮ್ಮೆಜಮಾನ್ರ ಗಾಡಿ ಒಂದಿದೆ, ಜಾಗಕ್ಕೆ ಅಡ್ಡ, ತಗೊಂಡ್ ಹೋಗಪ್ಪ," ಎಂದಿದ್ದಳಂತೆ. ಮಾರಿಸ್ ಇಂಥದ್ದೊಂದನ್ನು ಹುಡುಕಿ ಇಪ್ಪತ್ತು ವರ್ಷ ಜಿಲ್ಲೆಯ ಕೊಟ್ಟಿಗೆಗಳಿಗೆಲ್ಲ ಇಣುಕಿದ್ದ. ಅವನಿಗೆ ಸಿಕ್ಕಿದ್ದು ನಾಯಿ ಕಚ್ಚಿದ್ದು ಮಾತ್ರ.

ಹೋಗಲಿ, ಸಿಕ್ಕಿತು. ಆದರೆ ಕ್ಲಬ್ಬಿನವರ ರುಚಿಯೂ ಈಚೆಗೆ ಬದಲಾಗಿತ್ತು. ಹೊಸದರ ಹಾಗೆ ಮಾಡಿದ ಹಳೆಯದಕ್ಕಿಂತ, ಯಾರೂ ಮುಟ್ಟದ ಹಳೆಯದೇ ಮೇಲು ಎನ್ನತೊಡಗಿದ್ದರು. ಪಬ್ಬಿನ ಅಂಗಳದಲ್ಲಿ ಕಾಲಿನ್ ತನ್ನ ಟ್ರೇಲರ್ ನಿಲ್ಲಿಸಿದ ದಿನ ಬಿಯರ್ ಲೋಟ ಹಿಡಿದು ಎಲ್ಲರೂ ಅದನ್ನು ಮುತ್ತಿಕೊಂಡರು. ಮಾರಿಸನ ಕೆಲ್ಡನ್ ಗೋಡೆಯ ಪಕ್ಕದಲ್ಲಿ ಒಂಟಿಯಾಗಿ ಹೊಳೆಯುತ್ತ ನಿಂತಿತ್ತು.

"ಇದು ಕೊಳೆ ಅಲ್ಲ ಮಾರಿಸ್, ಚರಿತ್ರೆ," ಎಂದ ಕ್ಲಬ್ಬಿನ ಕಾರ್ಯದರ್ಶಿ ಲೆನ್ ಗಿಟಿನ್ಸ್.

"ಚರಿತ್ರೆಗೆ ಕೋಳಿ ಹಿಕ್ಕೆ ವಾಸನೆ ಬರತ್ತಾ?"

"ಬರತ್ತೆ. ನಿಂದಕ್ಕೇನ್ ಬರತ್ತೆ? ಪಾಲಿಷ್ ವಾಸನೆ. ಹಲ್ಲಿನ ಡಾಕ್ಟ್ರ ರೂಮಿಗೆ ಹೋದಂಗಾಗತ್ತೆ."

"ಒಂದಿನ ನನ್ ಕೈಗೆ ಕೊಟ್ಟು ನೋಡಿ, ಇದನ್ನೂ ಮನುಷ್ಯರು ನೋಡೋ ಹಾಗೆ ಮಾಡ್ತೀನಿ."

"ನಿನ್ ಗಾಡಿ ಚೆನ್ನಾಗಿಲ್ಲ ಅಂದೋರ್ಯಾರು ಮಾರಾಯ? ಮದುವೆ ಗಂಡಿನ ಥರ ಇದೆ. ಆದ್ರೆ ಮದುವೆ ಗಂಡನ್ನ ಎಷ್ಟೊತ್ತು ಅಂತ ನೋಡೋದು?"

ಎಲ್ಲರೂ ನಕ್ಕರು. ಮಾರಿಸನೂ ನಕ್ಕ. ಮನೆಗೆ ಹೋಗಿ ರಾತ್ರಿಯ ಊಟ ಅರ್ಧಕ್ಕೇ ಬಿಟ್ಟ.

ಮರುವಾರ ಕಾಲಿನ್ ಮನೆ ಬಾಗಿಲಿಗೇ ಬಂದ. ಟ್ರೇಲರಿನಲ್ಲಿ ಕೆಲ್ಡನ್.

"ಇಂಜಿನ್ ತಿರುಗ್ತಾ ಇಲ್ಲ ಮಾರಿಸ್. ಕೆಲ್ಡನ್ ಒಳಗೇನಿದೆ ಅಂತ ಬಲ್ಲೋರು ನೀವೊಬ್ರೇ. ಮೇಳದ ಹೊತ್ತಿಗೆ ಒಂದ್ಸಲ ಅದರ ಧ್ವನಿ ಕೇಳಿಸಿಬಿಡಿ, ನಿಮ್ಮ ಹೆಸರು ಹೇಳ್ತೀನಿ. ಆದ್ರೆ ಹೊರಗಡೆಗೆ ಮಾತ್ರ ಬಟ್ಟೆ ಸೋಕಿಸಬೇಡಿ."

"ಕೈ ತೊಳ್ಕೊಂಡು ಮುಟ್ಟಲೋ, ತೊಳೀದೆ ಮುಟ್ಟಲೋ?"

ಕಾಲಿನ್ ಇದನ್ನು ನಿಜವಾದ ಪ್ರಶ್ನೆ ಎಂದೇ ತಿಳಿದು ಸ್ವಲ್ಪ ಯೋಚಿಸಿದ. "ತೊಳೀದೆ ಇದ್ರೇ ಒಳ್ಳೇದು ಅನ್ಸತ್ತೆ."

ಮಾರಿಸ್ ಒಪ್ಪಿಕೊಂಡದ್ದು ಒಳ್ಳೆಯತನದಿಂದಲ್ಲ. ಕಣ್ಣು ಕುಕ್ಕುವ ವಸ್ತುವನ್ನು ಕಣ್ಣೆದುರಿಗೇ ಇಟ್ಟುಕೊಳ್ಳಬೇಕೆನಿಸುವ ಒಂದು ಚಟ ಇರುತ್ತದೆ, ಅದರಿಂದ. ಕಿಡಿ ಹುಟ್ಟಿಸುವ ಮ್ಯಾಗ್ನೆಟೊ ಬಿಚ್ಚಿ ಒಣಗಿಸಿದ. ಕಾರ್ಬುರೇಟರಿನ ಹೊಟ್ಟೆಯಲ್ಲಿ ಅಂಟಾಗಿ ಕೂತಿದ್ದ ಹಳೆಯ ಪೆಟ್ರೋಲನ್ನು ಕೆರೆದು ತೆಗೆದ. ಸಿಲಿಂಡರಿಗೆ ಎಣ್ಣೆ ಬಿಟ್ಟು ದಿನವೂ ಒಂದಿಷ್ಟು ಅಲುಗಿಸಿದ. ಒಳಗೆ ಎಲ್ಲವೂ ಕಾರ್ಖಾನೆಯಿಂದ ಬಂದ ಮಾಲೇ. ಅವನು ತನ್ನ ಗಾಡಿಗೆ ಸಿಕ್ಕದೆ ಹೊಸದಾಗಿ ಮಾಡಿಸಿಕೊಂಡಿದ್ದ ಪಿಸ್ಟನ್ ಇಲ್ಲಿ ಹುಟ್ಟಿನಿಂದ ಬಂದದ್ದೇ ಇತ್ತು.

ಮೇಳಕ್ಕೆ ಮುಂಚಿನ ಸೋಮವಾರ ಬೆಳಿಗ್ಗೆ ಗ್ಯಾರೇಜಿನ ಬಾಗಿಲು ತೆರೆದಿಟ್ಟು ಕಿಕ್ಕರಿನ ಮೇಲೆ ಕಾಲಿಟ್ಟ. ಇಂಥ ಇಂಜಿನ್ನನ್ನು ಸುಮ್ಮನೆ ತುಳಿಯುವಂತಿಲ್ಲ, ತಿರುಗಿ ಒದೆಯುತ್ತದೆ. ಪಿಸ್ಟನ್ ಮೇಲೆ ಬಂದು ಬಿಗಿಯುವ ತನಕ ಮೆಲ್ಲಗೆ ಒತ್ತಬೇಕು. ಹ್ಯಾಂಡಲಿನ ಸಣ್ಣ ಲಿವರ್ ಎಳೆದು ಒತ್ತಡ ಬಿಡಿಸಿ, ಕೂದಲೆಳೆಯಷ್ಟು ದಾಟಿಸಬೇಕು. ಆಮೇಲೆ ಮೈಭಾರವೆಲ್ಲ ಬಿಟ್ಟು ಒಂದೇ ಸಲ. ಇಷ್ಟು ಮಾಡಿದರೂ ಅವನ ಸ್ವಂತ ಕೆಲ್ಡನ್ ಐದಾರು ಒದೆತ ತಿಂದೇ ಏಳುತ್ತಿತ್ತು.

ಇದು ಮೊದಲ ಒದೆತಕ್ಕೇ ಎದ್ದಿತು.

ಒಂಟಿ ಸಿಲಿಂಡರಿನ ಸೊಗಸೆಲ್ಲ ಎರಡು ಬಡಿತಗಳ ನಡುವಿನ ಮೌನದಲ್ಲಿದೆ ಎಂದು ಬಲ್ಲವರು ಹೇಳುತ್ತಾರೆ. ಇದರಲ್ಲಿ ಆ ಮೌನ ಎಷ್ಟು ಉದ್ದವಿತ್ತೆಂದರೆ, ಇನ್ನೇನು ನಿಂತುಹೋಯಿತು ಎಂದು ಕಿವಿ ಚಾಚಿದಾಗ ಮತ್ತೆ ದುಗ್ ಎಂದು ಎದೆಗೆ ಬಂದು ಹೊಡೆಯುತ್ತಿತ್ತು. ಶೆಲ್ಫಿನ ಮೇಲಿನ ಮೊಳೆ ಡಬ್ಬಿಗಳು ಅದಕ್ಕೆ ತಾಳ ಹಾಕಿದವು. ಅವನದೂ ಚೆನ್ನಾಗಿ ಓಡುತ್ತಿತ್ತು. ಪಾಠ ಒಪ್ಪಿಸುವ ಜಾಣ ಹುಡುಗನ ಹಾಗೆ. ಇದು ಮಾತಾಡುತ್ತಿತ್ತು.

ಮಾರಿಸ್ ಇಂಜಿನ್ ಆರಿಸಿದ. ಪಾಲಿಷ್ ಡಬ್ಬಿ ಕೈಗೆ ತೆಗೆದುಕೊಂಡ. ಟ್ಯಾಂಕಿನ ಎಡ ಮೂಲೆಯಲ್ಲಿ ಒಂದು ಕಾಸಿನಗಲ ಉಜ್ಜಿ, ಒಳಗಿನ ಬಣ್ಣ ಏನಾಗಿದೆ ನೋಡೋಣ ಎಂದುಕೊಂಡ. ಕೊಳೆಯ ಕೆಳಗೆ ಕಾರ್ಖಾನೆಯ ಹಸಿರು ನಿನ್ನೆ ಬಳಿದ ಹಾಗಿತ್ತು. ಅದರ ಅಂಚಿಗೆ ಚಿನ್ನದ ಬಣ್ಣದ ಗೆರೆ. ಕಾರ್ಖಾನೆಯ ಯಾವಳೋ ಹುಡುಗಿ ಕುಂಚ ಹಿಡಿದು ಕೈಯಲ್ಲೇ ಎಳೆದದ್ದು. ತಿರುವಿನಲ್ಲಿ ಉಸಿರು ಬಿಟ್ಟಿರಬೇಕು, ಒಂದಿಷ್ಟು ನಡುಗಿತ್ತು. ಮಾರಿಸ್ ತನ್ನ ಗೆರೆಯನ್ನು ಟೇಪು ಅಂಟಿಸಿ ಎಳೆದಿದ್ದ. ಅದರಲ್ಲಿ ತಪ್ಪು ಹುಡುಕುವವರು ಹುಟ್ಟಿಲ್ಲ ಎಂದು ಹೇಳಿಕೊಂಡೂ ಇದ್ದ. ಈ ನಡುಕದ ಮುಂದೆ ಅದು ನೋಟುಬುಕ್ಕಿನ ಗೆರೆಯಾಗಿಬಿಟ್ಟಿತು.

ಆಮೇಲೆ ಉಜ್ಜಿದ್ದಕ್ಕೆ ಅವನಲ್ಲಿ ಕಾರಣವಿರಲಿಲ್ಲ. ಸಿಟ್ಟಿತ್ತು.

ಬೆರಿಲ್ ಚಹಾ ತಂದಾಗ ಟ್ಯಾಂಕಿನ ಎಡಭಾಗವೂ ಮೇಲುಭಾಗವೂ ಫಳಫಳ ಹೊಳೆಯುತ್ತಿದ್ದವು. ಕೋಳಿಹೆಜ್ಜೆ ಬಟ್ಟೆಯಲ್ಲಿತ್ತು.

"ಏನ್ ಮಾಡ್ದೆ?"

"ಒರೆಸ್ದೆ."

"ಯಾಕೆ?"

"ಕೊಳೆ ಇತ್ತು."

ಬೆರಿಲ್ ಚಹಾವನ್ನು ಬೆಂಚಿನ ಮೇಲಿಟ್ಟಳು. "ಮಾರಿಸ್, ನನ್ ಹತ್ರ ಬೇಡ."

ಅವನು ಬಟ್ಟೆಯನ್ನೇ ನೋಡುತ್ತ ನಿಂತ. "ಭಾನುವಾರ ಮೇಳ. ಕ್ಲಬ್ಬಿಂದ ಆಚೆ ಹಾಕ್ತಾರೆ ನನ್ನ."

"ಆಚೆ ಹಾಕಿದ್ರೆ ಪುಣ್ಯ. ಆ ಪಾಪದ ಹುಡುಗ ನಂಬಿ ಬಿಟ್ಟು ಹೋಗಿದ್ದಾನಲ್ಲ, ಅವನ ಮುಖ ಹೆಂಗೆ ನೋಡ್ತೀಯ?"

ಮುಖ ನೋಡುವ ದಾರಿ ಒಂದೇ ಇತ್ತು. ಜೀವನವಿಡೀ ಹಾಳಾದದ್ದನ್ನು ಮೊದಲಿನಂತೆ ಮಾಡಿದ ಮನುಷ್ಯ, ಈಗ ಸರಿಹೋದದ್ದನ್ನು ಮೊದಲಿನಂತೆ ಹಾಳು ಮಾಡಬೇಕಾಗಿತ್ತು.

ಪತ್ರಿಕೆಯ ಮುಖಪುಟ ಹರಿದು ಗೋಡೆಗೆ ಅಂಟಿಸಿದ. ಹೊಟ್ಟೆ ಉರಿಸಿದ ಚಿತ್ರವೇ ನಕ್ಷೆಯಾಯಿತು. ಮುದುಕಿಯ ತೋಟಕ್ಕೆ ಹೋಗಿ, ಗಾಡಿಯ ಒಂದು ಮುಚ್ಚಳ ಬಿದ್ದಿರಬಹುದು ಎಂದು ಸುಳ್ಳು ಹೇಳಿ, ಕೋಳಿಗೂಡಿನ ತೊಲೆಗಳ ಮೇಲಿನ ಧೂಳನ್ನೇ ಚೀಲದಲ್ಲಿ ಗುಡಿಸಿಕೊಂಡು ಬಂದ. ಅದಕ್ಕೆ ತನ್ನ ಇಂಜಿನ್ನಿನ ಕರಿ ಎಣ್ಣೆ ನಾಲ್ಕು ತೊಟ್ಟು, ಒಲೆಯ ಮಸಿ, ಹಿಡಿದುಕೊಳ್ಳಲು ವಾಲ್‌ಪೇಪರ್ ಅಂಟಿಸುವ ಗೋಂದು. ಒಂದು ಪದರ ಹಚ್ಚಿ, ಬೆರಿಲ್‌ಳ ಕೂದಲೊಣಗಿಸುವ ಯಂತ್ರದಿಂದ ಒಣಗಿಸಿ, ಮೇಲೆ ಇನ್ನೊಂದು. ನೊಣದ ಚುಕ್ಕೆಗಳಿಗೆ ಕಡು ಚಹಾದಲ್ಲಿ ಹಲ್ಲುಜ್ಜುವ ಬ್ರಶ್ಶು ಅದ್ದಿ ಸಿಡಿಸಿದ. ಎಲ್ಲ ಆದ ಮೇಲೆ ಉಳಿದದ್ದು ಕೋಳಿ.

ಪಕ್ಕದ ಮನೆಯ ಮಿಸೆಸ್ ಬೆಬ್ ಬೇಲಿಯ ಆಚೆಯಿಂದ ಕೇಳಿದಳು: "ನಮ್ ಕೋಳಿ ಡಚೆಸ್ ಯಾಕ್ರೀ ಬೇಕು ನಿಮಗೆ?"

"ಸ್ವಲ್ಪ ನಡೆಸೋಕೆ."

"ಅದು ಇಲ್ಲೇ ನಡೀತಿದ್ಯಲ್ಲ."

ಡಚೆಸ್ ಹೆಸರಿಗೆ ತಕ್ಕಂತೆ ದೊಡ್ಡ ಮನೆತನದವಳ ಹಾಗೆ ಯಾರು ಹೇಳಿದಲ್ಲೂ ಕಾಲಿಡಲಿಲ್ಲ. ರಟ್ಟಿನ ಮೇಲೆ ಅಭ್ಯಾಸ ಮಾಡಿಸಿದರೆ ರಟ್ಟನ್ನೇ ಕುಕ್ಕಿತು. ಶುಕ್ರವಾರ ಮಧ್ಯಾಹ್ನ ಬೆರಿಲ್ ಅದನ್ನು ಎತ್ತಿ ಹಿಡಿದಿದ್ದಾಗ, ಯಾರೂ ಏನೂ ಹೇಳದೆ ಇದ್ದಾಗ, ತಾನಾಗಿಯೇ ಎಡಗಾಲು ಇಳಿಬಿಟ್ಟು ಟ್ಯಾಂಕಿನ ಮೇಲೆ ಒತ್ತಿ ಹಾರಿತು. ಹಿಂದಿನ ಬೆರಳು ಕೂಡ ಚಿತ್ರದಲ್ಲಿದ್ದ ಹಾಗೆಯೇ ಜಾರಿತ್ತು. ಮಾರಿಸ್ ಚಿತ್ರವನ್ನೂ ಟ್ಯಾಂಕನ್ನೂ ಬಹಳ ಹೊತ್ತು ನೋಡಿದ. ವ್ಯತ್ಯಾಸ ಅವನಿಗೇ ಸಿಗಲಿಲ್ಲ. ತನ್ನ ಕೆಲ್ಡನ್ ಮುಗಿದ ದಿನವೂ ಅವನಿಗೆ ಅಷ್ಟು ಸಂತೋಷವಾಗಿರಲಿಲ್ಲ.

ಶನಿವಾರ ಬಂದ ಕಾಲಿನ್ ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಇಂಜಿನ್ನಿನ ಧ್ವನಿ ಕೇಳಿ, ಮಾರಿಸನ ಕೈ ಹಿಡಿದುಕೊಂಡ. "ಒಂದು ಚೂರೂ ಮುಟ್ಟಿಲ್ವಲ್ಲ ನೀವು," ಎಂದ.

ಮೇಳ ನಡೆದದ್ದು ಚರ್ಚಿನ ಹಿಂದಿನ ಹುಲ್ಲುಗಾವಲಿನಲ್ಲಿ. ತೀರ್ಪುಗಾರ್ತಿ ಮಿಸ್ ಓಕ್ಡೆನ್. ಎಂಬತ್ತು ದಾಟಿದ ಹೆಂಗಸು, ತನ್ನ ಕಾಲದಲ್ಲಿ ಇಂಥ ಗಾಡಿಗಳನ್ನೇ ಗುಡ್ಡ ಹತ್ತಿಸಿ ಗಂಡಸರನ್ನು ಅಳಿಸಿದವಳು. ಊರುಗೋಲು ಹಿಡಿದು ಒಂದೊಂದೇ ಗಾಡಿಯನ್ನು ಮೂಸುತ್ತ ಬಂದಳು.

ಮಾರಿಸನ ಕೆಲ್ಡನ್ನಿನ ಮುಂದೆ ನಿಂತು, "ಬಹಳ ಶ್ರಮ," ಎಂದಳು. ಅಷ್ಟೇ.

ಕಾಲಿನ್‌ನ ಗಾಡಿಯ ಮುಂದೆ ಚೀಲದಿಂದ ಭೂತಗನ್ನಡಿ ಹೊರಬಂತು. ಮಾರಿಸ್, ಸಿಕ್ಕಿಬಿದ್ದೆ ಎಂದುಕೊಂಡ. ಅವಳು ಬಗ್ಗಿ ಎಷ್ಟು ಹೊತ್ತು ನೋಡಿದಳೆಂದರೆ ಮುದುಕಿಗೆ ಸೊಂಟ ಹಿಡಿದುಕೊಂಡಿತೇನೋ ಎಂದು ಇಬ್ಬರು ಮುಂದೆ ಬಂದರು.

"ಶ್ರಮದಿಂದ ಆಗೋ ಕೆಲಸ ಅಲ್ಲ ಇದು," ಎಂದು ಕೊನೆಗೆ ನೆಟ್ಟಗಾದಳು. "ಈ ಹೆಜ್ಜೆ ನೋಡಿ. ಹಿಂದಿನ ಬೆರಳು ಹೇಗೆ ಜಾರಿದೆ. ಆ ಧೂಳು ಹೇಗೆ ಅದರೊಳಗೆ ಇಳಿದಿದೆ. ಇದನ್ನ ಮಾಡಿದ್ದು ಕಾಲ. ಮನುಷ್ಯರ ಕೈಲಿ ಇದು ಸಾಧ್ಯ ಇಲ್ಲ."

ಕಪ್ಪನ್ನು ಕಾಲಿನ್‌ಗೆ ಕೊಟ್ಟಳು. ಚಪ್ಪಾಳೆ ಬಿತ್ತು.

ಮಾರಿಸನ ಹೆದರಿಕೆ ಅಲ್ಲಿಗೆ ಕರಗಿತು. ಅದು ಖಾಲಿ ಮಾಡಿದ ಜಾಗದಲ್ಲಿ ಬೇರೊಂದು ಉರಿ ಎದ್ದಿತು. ಅವನ ಜೀವಮಾನದ ಅತ್ಯುತ್ತಮ ಕೆಲಸಕ್ಕೆ ಚಪ್ಪಾಳೆ ಬೀಳುತ್ತಿತ್ತು, ತಲೆ ಬಾಗಿಸುತ್ತಿದ್ದವನು ದನದ ಡಾಕ್ಟರು. ಸುಮ್ಮನಿದ್ದರೆ ಮಾನ ಉಳಿಯುತ್ತಿತ್ತು.

"ಅದು ನಾನ್ ಮಾಡಿದ್ದು," ಎಂದ.

ಲೆನ್ ತಿರುಗಿದ. "ಯಾವ್ದು?"

"ಕೊಳೆ. ಎಡಗಡೆ, ಮೇಲ್ಗಡೆ, ಪೂರ್ತಿ ನಂದು. ನಾನ್ ಒರೆಸ್ಬಿಟ್ಟಿದ್ದೆ, ತಿರುಗಿ ಮಾಡ್ದೆ. ಆ ಕೋಳಿ ಸತ್ತಿಲ್ಲ. ಅದರ ಹೆಸರು ಡಚೆಸ್, ಮಿಸೆಸ್ ಬೆಬ್ ಮನೇದು. ಇವತ್ತು ಬೆಳಿಗ್ಗೆ ಮೊಟ್ಟೆ ಇಟ್ಟಿದೆ."

ಸಭೆಯಲ್ಲಿ ಒಬ್ಬನ ಪ್ಯಾಂಟು ಜಾರಿದಾಗ ಮಾಡುವಂತೆ ಎಲ್ಲರೂ ಹುಲ್ಲು ನೋಡಿದರು.

"ಹೊಟ್ಟೆಕಿಚ್ಚು ಎಲ್ರಿಗೂ ಇರತ್ತೆ ಮಾರಿಸ್," ಎಂದ ಲೆನ್ ಮೆತ್ತಗೆ. ಅವನು ಮೆತ್ತಗೆ ಮಾತಾಡಿದ್ದನ್ನು ಯಾರೂ ಹಿಂದೆ ಕೇಳಿರಲಿಲ್ಲ. "ಆದ್ರೆ ಕೋಳಿಗೆ ಹೆಸರಿಡೋ ಮಟ್ಟಕ್ಕೆ ಹೋಗ್ಬಾರ್ದು."

"ಬೆರಿಲ್‌ನ ಕೇಳು. ಕೋಳಿ ಹಿಡ್ಕೊಂಡಿದ್ದೇ ಅವಳು."

ಬೆರಿಲ್ ಬಂದು ಗಂಡನ ಮೊಣಕೈ ಹಿಡಿದಳು. ಅವನನ್ನು ಕ್ಲಬ್ಬಿನಲ್ಲಿ ಉಳಿಸಿಕೊಳ್ಳಲು ಅವಳಿಗೆ ಹೊಳೆದದ್ದು ಒಂದೇ ಮಾತು. "ಇವನಿಗೆ ಬಿಸಿಲು ಆಗಿಬರಲ್ಲ," ಎಂದಳು. ಬಿಸಿಲು ಎಲ್ಲೂ ಇರಲಿಲ್ಲ.

ಕಾಲಿನ್‌ಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. "ಇಂಜಿನ್ನಿಗೆ ಜೀವ ಕೊಟ್ಟೋರು ನೀವು ಮಾರಿಸ್. ಈ ಕಪ್ಪಲ್ಲಿ ಅರ್ಧ ನಿಮ್ದು."

"ನನಗೆ ಇಂಜಿನ್ನಿನ ಅರ್ಧ ಬೇಡ ಕಣಯ್ಯಾ. ಕೊಳೆ ಪೂರ್ತಿ ಬೇಕು."

ಮಿಸ್ ಓಕ್ಡೆನ್ ಊರುಗೋಲಿನಿಂದ ನೆಲ ತಟ್ಟಿದಳು. "ಇದಕ್ಕ್ಯಾಕೆ ಇಷ್ಟು ಮಾತು? ಐವತ್ತು ವರ್ಷದ ಕೊಳೆ ಒದ್ದೆ ಬಟ್ಟೆಗೆ ಜಗ್ಗಲ್ಲ. ಮೊನ್ನೆ ಹಚ್ಚಿದ್ದಾದ್ರೆ ಎದ್ದು ಬರತ್ತೆ. ಒರೆಸಿ ತೋರ್ಸಿ, ಮಿಸ್ಟರ್ ಟಿಂಬ್ರೆಲ್."

ಕಾಲಿನ್ ಬಿಳಿಚಿಕೊಂಡ. ಆದರೂ ಮರ್ಯಾದಸ್ಥ, ತನ್ನ ಕರವಸ್ತ್ರವನ್ನೇ ಪಕ್ಕದಲ್ಲಿದ್ದ ನೀರಿನ ಬಕೆಟ್ಟಿನಲ್ಲಿ ಅದ್ದಿ ಹಿಂಡಿ ಮಾರಿಸನ ಕೈಗಿತ್ತ. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು.

ಮಾರಿಸ್ ಟ್ಯಾಂಕಿನ ಮೇಲೆ ಬಗ್ಗಿದ. ಇಷ್ಟು ಹತ್ತಿರದಿಂದ ಅದು ಇನ್ನೂ ಚೆನ್ನಾಗಿತ್ತು. ಹೆಜ್ಜೆಯ ಅಂಚಿನಲ್ಲಿ ಧೂಳು ಒಂದಿಷ್ಟು ಬಿರುಕು ಬಿಟ್ಟಿತ್ತು, ಅದನ್ನು ಅವನು ಮಾಡಿರಲಿಲ್ಲ, ತಾನಾಗಿ ಆಗಿತ್ತು. ಬಟ್ಟೆಯನ್ನು ಒಂದು ಬೆರಳಿನ ಅಂತರದಲ್ಲಿ ಹಿಡಿದು ಹಾಗೇ ನಿಂತ. ಆಮೇಲೆ ಅದನ್ನು ನಾಲ್ಕು ಮಡಿಕೆ ಮಾಡಿ ಕಾಲಿನ್‌ಗೆ ವಾಪಸು ಕೊಟ್ಟ.

"ನೋಡಿದ್ರಾ," ಎಂದು ಯಾರೋ ಪಿಸುಗುಟ್ಟಿದರು.

ಸಂಜೆ ಗಾಡಿಗಳನ್ನು ಟ್ರೇಲರಿಗೆ ಏರಿಸುತ್ತಿದ್ದಾಗ ಹನಿ ಶುರುವಾಯಿತು. ಎಲ್ಲರೂ ಡೇರೆಯೊಳಗೆ ಓಡಿದರು. ಹತ್ತು ನಿಮಿಷ ಸುಮ್ಮನಿದ್ದಿದ್ದರೆ ಸಾಕಿತ್ತು, ಟಿಂಬ್ರೆಲ್ ಹೇಳಿದ್ದು ನಿಜ ಎಂದು ಮಳೆಯೇ ಸಾಕ್ಷಿ ಹೇಳುತ್ತಿತ್ತು. ಮಾರಿಸ್ ಬೆರಿಲ್‌ಳ ಕೈಯಿಂದ ಕೊಡೆ ಕಿತ್ತುಕೊಂಡು, ಕಾಲಿನ್‌ನ ಟ್ರೇಲರ್ ಹತ್ತಿ ಟ್ಯಾಂಕಿನ ಮೇಲೆ ಹಿಡಿದ.

"ಇಳೀರಿ ಮಾರಿಸ್, ನೆನೀತಿದ್ದೀರ," ಎಂದ ಕಾಲಿನ್. "ಐವತ್ತು ವರ್ಷ ಇದ್ದಿದ್ದು, ನಾಲ್ಕು ಹನಿಗೆ ಏನಾಗತ್ತೆ?"

"ಟಾರ್ಪಾಲು ತಾ. ಟ್ಯಾಂಕಿಗೆ ತಾಗಿಸಬೇಡ, ಹ್ಯಾಂಡಲಿಗೂ ಸೀಟಿಗೂ ಕಟ್ಟಿ ಎತ್ತರಕ್ಕೆ ನಿಲ್ಲಿಸು. ಆ ಕಡೆ ಇನ್ನೂ ಬಿಗಿ."

ಡೇರೆಯ ಬಾಗಿಲಿನಿಂದ ಲೆನ್ ಕೂಗಿದ: "ಮಾರಿಸ್, ಅಲ್ಲಿ ನಿನ್ ಗಾಡಿ ನೆನೀತಿದ್ಯಲ್ಲೋ."

"ನೆನೀಲಿ ಬಿಡು," ಎಂದ ಮಾರಿಸ್, ಆ ಕಡೆ ತಿರುಗಿಯೂ ನೋಡದೆ. "ಅದಕ್ಕೇನೂ ಆಗಲ್ಲ."