ಬ್ಯಾರನ್ನಿನಲ್ಲಿ ಮೂಡಿದ ತಾಮ್ರದ ಹರಳು

ಮಾತು ಬೆಳ್ಳಿ, ಮೌನ ಬಂಗಾರ, ಮುಟ್ಟದಿದ್ದರೆ ತಾಮ್ರ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅನ್ನುತ್ತಾರೆ. ಇಲ್ಲಿ ಗಾದೆ ಸುಳ್ಳಾದರೂ ಕತೆ ಸುಳ್ಳಾಗದು.

ಮಿರ್ಲೆಯ ರಮ್ಯಶ್ರೀಗೂ ಕಟ್ಟೆಮಳಲವಾಡಿಯ ತೇಜಸ್‌ಗೂ ಮೈಸೂರಿನ ಪ್ರಯೋಗಾಲಯದಲ್ಲಿ ಒಂದೇ ಮೇಜು. ತಾಮ್ರಕ್ಕೆ ಪೈರಜೋಲ್ ಎಂಬ ಪುಟ್ಟ ಉಂಗುರದಂಥ ಅಣುಗಳನ್ನು ಜೋಡಿಸಿ, ಆ ದ್ರಾವಣದಿಂದ ಹರಳು ಬೆಳೆಸುವುದು ಅವಳ ಪಿಎಚ್.ಡಿ. ಹರಳು ಬಂದರೆ ಎಕ್ಸ್-ರೇ ಯಂತ್ರದಲ್ಲಿಟ್ಟು ಯಾವ ಪರಮಾಣು ಎಲ್ಲಿ ಕೂತಿದೆಯೆಂದು ನೋಡಬಹುದು. ಅವಳಿಗೆ ಬರುತ್ತಿದ್ದುದು ಬರೀ ಪುಡಿ. "ಈ ತಿಂಗಳೂ ಆಗದಿದ್ದರೆ ಇದನ್ನ ಕೈಬಿಡೋಣಮ್ಮ" ಎಂದು ಗೈಡ್ ನಂದಿತಾ ಮೇಡಂ ಹೇಳಿದ್ದರು. ವರ್ಷಗಟ್ಟಲೆಯ ಕೆಲಸ! ಹರಳು ಬರದೆ ರಮ್ಯಶ್ರೀಯ ಮುಖ ಹರಳೆಣ್ಣೆ ಕುಡಿದಂತಾಗಿತ್ತು.

ಅವಳ ಕಾಯಿಲೆ ತೇಜಸ್‌ಗೆ ಗೊತ್ತಿತ್ತು. ಗಳಿಗೆಗೊಮ್ಮೆ ಸೀಸೆ ಎತ್ತಿ, ಬೆಳಕಿಗೆ ಹಿಡಿದು, ಉಗುರಿನಿಂದ ಟಣ್ಣೆನಿಸುತ್ತಿದ್ದಳು.

"ಕಾವಿಗೆ ಕೂತ ಕೋಳೀನ ಎಬ್ಬಿಸಿ ಎಬ್ಬಿಸಿ ನೋಡಿದ್ರೆ ಮರಿ ಆಯ್ತದೇನೇ?"

"ನೀನ್ ಬಾಯಿ ಮುಚ್ಕೊಂಡು ಕೂತ್ಕೊಳೋ!"

ಅವನು ಕೂರುವ ಜಾತಿಯಲ್ಲ. ಅವನು ಮೇಡಂ ದನಿಯಲ್ಲಿ ಕೆಮ್ಮಿದರೆ ಸಾಕು, ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಅಟೆಂಡರ್ ಎದ್ದು ನಿಲ್ಲುತ್ತಿದ್ದ. ಒಂದು ಶುಕ್ರವಾರ ನೀರಿಗೆ ತಾಮ್ರದ ನೀಲಿ ಉಪ್ಪಾದ ಮೈಲುತುತ್ತ ಕರಗಿಸಿ, ಅವಳದರಂಥದೇ ಸೀಸೆಗೆ ತುಂಬಿ, ಅವಳ ಚೀಟಿಯನ್ನೇ ಅಂಟಿಸಿಟ್ಟ. ನಿಜವಾದ ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಊರಿಗೆ ಹೋದ. ಸೋಮವಾರ ಮೇಡಂ ದನಿಯಲ್ಲಿ ಫೋನ್ ಮಾಡಿ ಒಂದಿಷ್ಟು ಕುಣಿಸಿ, ಸೀಸೆ ಕೊಟ್ಟುಬಿಡುವುದೆಂದು ಲೆಕ್ಕ. ಮನೆಯಲ್ಲಿ ಮಕ್ಕಳ ಕೈಗೆ ಸಿಗಬಾರದೆಂದು, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಕೋಣೆಯ ಗೋಡೆಗೂಡಿನಲ್ಲಿಟ್ಟು ಬೀಗ ಹಾಕಿದ. ಬಸ್ಸು ಹಿಡಿಯುವ ಓಟದಲ್ಲಿ ಅಲ್ಲೇ ಮರೆತ.

ಸೋಮವಾರ ಬಂದು ನೋಡಿದರೆ ಮೇಜಿನ ಸೀಸೆಯಲ್ಲಿ ದಪ್ಪ ದಪ್ಪ ನೀಲಿ ಹರಳು! ರಮ್ಯಶ್ರೀ ಕಣ್ಣೀರು ಒರೆಸಿಕೊಳ್ಳುತ್ತಿದ್ದಳು. ಮೇಡಂ ಆಗಲೇ ಯಂತ್ರಕ್ಕೆ ಸರದಿ ಬರೆಸಿದ್ದರು. ತೇಜಸ್ ನಿಜ ಹೇಳಲು ಬಾಯಿ ತೆರೆದ. ಅವಳು ಬಾಯಿಗೆ ಕಜ್ಜಾಯ ತುರುಕಿದಳು.

"ನೀನ್ ಹೇಳ್ದಂಗೆ ಶನಿವಾರ, ಭಾನುವಾರ ಮುಟ್ಲೇ ಇಲ್ಲ ಕಣೋ. ನಿನ್ನಿಂದಾನೇ ಬಂದಿದ್ದು!"

ಆ ಕಜ್ಜಾಯ ಗಂಟಲಲ್ಲೇ ಕೂತಿತು. ಸರದಿ ಬರುವವರೆಗೂ ಅವನು ಯಾರ ದನಿಯನ್ನೂ ಅನುಕರಿಸಲಿಲ್ಲ.

ತಿಂಗಳ ಕೊನೆಗೆ ಮೇಡಂ ಇಬ್ಬರನ್ನೂ ಕರೆದರು. "ಇದರಲ್ಲಿ ಪೈರಜೋಲೇ ಇಲ್ಲ ರಮ್ಯಶ್ರೀ. ಶುದ್ಧ ಮೈಲುತುತ್ತ. ತೋಟಕ್ಕೆ ಹೊಡೀಬಹುದು."

"ಸೀಸೆ ನಾನೇ ಅದಲು ಬದಲು ಮಾಡ್ಕೊಂಡೆ ಅನ್ಸುತ್ತೆ ಮೇಡಂ" ಎಂದಳು ಅವಳು, ತಲೆ ತಗ್ಗಿಸಿ. ತೇಜಸ್‌ಗೆ ಇನ್ನು ತಡೆಯಲಾಗಲಿಲ್ಲ.

"ನೀನಲ್ಲ ಕಣೇ. ನಾನು. ನಿನ್ ಸೀಸೆ ನಮ್ಮ ಬ್ಯಾರನ್ನಲ್ಲಿ ಅದೆ."

ಇಬ್ಬರೂ ಕಟ್ಟೆಮಳಲವಾಡಿಗೆ ಹೊರಟರು. ಹುಣಸೂರಿನವರೆಗೂ ಬಸ್ಸಿನಲ್ಲಿ ಅವಳು ಅವನಿಗೆ ಬೆನ್ನು ಮಾಡಿ, ಕಿಟಕಿಯ ಕಡೆಗೇ ತಿರುಗಿ ಕೂತಳು.

ಮನೆಯಂಗಳದಲ್ಲಿ ತೇಜಸ್‌ನ ಅಜ್ಜಿ ಕುಳ್ಳಮ್ಮ ಕೂತಿದ್ದರು. "ಅಜ್ಜೀ, ಬ್ಯಾರನ್ ಬೀಗ ಯಾರಾರಾ ತೆಗುದ್ರಾ?"

"ಸೊಪ್ಪು ಕಿತ್ತ ಮ್ಯಾಲಲ್ವೇನ್ಲಾ ತೆಗೆಯಾದು? ಅಲ್ಲೀಗಂಟ ಇಲಿನೂ ಓಗಕಿಲ್ಲ. ಯಾರವ್ವಾ ನೀನು, ಮೊಕ ಯಾಕಿಂಗೆ ಬಾಡೋಗದೆ?"

ಒಳಗೆ ಕತ್ತಲು, ತಂಪು, ದಪ್ಪ ಗೋಡೆ, ಹಳೇ ಸೊಪ್ಪಿನ ಘಾಟು. ಮೊಬೈಲ್ ಬೆಳಕು ಬಿಟ್ಟಾಗ ಗೂಡಿನ ಸೀಸೆಯ ತಳದಲ್ಲಿ ನವಿಲುಗರಿ ಬಣ್ಣದ ಹರಳುಗಳು ಮಿನುಗಿದವು. ಅಂಚೆಲ್ಲ ಕತ್ತರಿಸಿಟ್ಟಂತೆ ಚೂಪು. ರಮ್ಯಶ್ರೀ ಕೈ ಚಾಚಿದವಳು ತಾನೇ ಹಿಂದೆಗೆದುಕೊಂಡಳು. ಆಮೇಲೆ ಹೊರಗೆ ಬಂದು ಕುಳ್ಳಮ್ಮನ ಕಾಲು ಮುಟ್ಟಿದಳು.

"ಇದ್ಯಾಕವ್ವಾ?"

"ಬೀಗ ತೆಗೀದೇ ಇದ್ದಿದ್ದಕ್ಕೆ ಅಜ್ಜಿ."

ಮೇಡಂ ಕಾಡಿ ಬೇಡಿ ಮತ್ತೊಂದು ಸರದಿ ಕೊಡಿಸಿದರು. ಪರದೆಯ ಮೇಲೆ ರಚನೆ ಮೂಡಿತು: ನಡುವೆ ತಾಮ್ರ, ಸುತ್ತ ನಾಲ್ಕು ಪೈರಜೋಲ್ ಉಂಗುರ, ಅರಳಿಕಟ್ಟೆಯಲ್ಲಿ ಹರಟೆಗೆ ಕೂತವರ ಹಾಗೆ. ತೇಜಸ್ ಉಸಿರು ಬಿಟ್ಟ. ಅವಳು ಬೈಯಲಿಲ್ಲ, ಚೀಲದಿಂದ ಕಜ್ಜಾಯ ತೆಗೆದು ಕೈಗಿಟ್ಟಳು. ಈ ಸಲ ಅದು ಗಂಟಲಲ್ಲಿ ಇಳಿಯಿತು.

"ಎಲ್ಲ ಸರಿ" ಎಂದರು ಮೇಡಂ. "ಹರಳು ಬೆಳೆಸಿದ ವಿಧಾನ ಅಂತ ಪೇಪರಲ್ಲಿ ಏನು ಬರೀತೀಯಮ್ಮ?"

"ಕದ್ದು, ಬಚ್ಚಿಟ್ಟು, ಮರೆತು ಅಂತ ಮೇಡಂ" ಎಂದಳು ರಮ್ಯಶ್ರೀ. ಉಳಿದಿಬ್ಬರೂ ನಗು ಶುರುಮಾಡುವ ಮೊದಲೇ, ಯಂತ್ರದ ಗುಂಯ್‌ಗುಡುವಿಕೆಯೇ ಕೇಳದಷ್ಟು ಜೋರಾಗಿ ನಕ್ಕಳು.